ಹೊರಡುವ ತಾರೀಖು

ಧ್ಯಾನ ಕಲಿಯಲು ಬಂದ ಥಾಯ್ಲೆಂಡಿನ ಹೆಣ್ಣುಮಗಳೊಬ್ಬಳು ಕಾರ್ತೀಕದಲ್ಲಿ ಹಲಸೂರಿನ ನಮ್ಮ ಮಹಡಿ ಕೋಣೆಯಲ್ಲಿ ಇಳಿದುಕೊಂಡಳು. ದೇವರೇ ಕಳಿಸಿದ ಅತಿಥಿ ಎಂದು ಕುಂಕುಮವಿಟ್ಟು ಒಳಗೆ ಕರೆದೆ. ವಿದೇಶದವರು ಮನೆಯಲ್ಲಿ ಉಳಿದರೆ ಒಂದು ದಿನದೊಳಗೆ ಪೊಲೀಸರಿಗೆ ತಿಳಿಸಬೇಕು, ಇಲ್ಲದಿದ್ದರೆ ಆ ಹುಡುಗಿಗೂ ನಿಮಗೂ ತೊಂದರೆ ಎಂದು ಪಕ್ಕದ ಮನೆಯವರು ಹೆದರಿಸಿದರು. ಆ ಫಾರಂ ಕಂಪ್ಯೂಟರಿನಲ್ಲಿ ತುಂಬಲು ನನಗೆ ಬಾರದು. ಅವಳನ್ನೂ ಕರೆದುಕೊಂಡು ಠಾಣೆಗೇ ಹೋದೆ.

ಹೆಡ್ ಕಾನ್‌ಸ್ಟೇಬಲ್ ಪಾಸ್‌ಪೋರ್ಟ್ ನೋಡಿ ಎಲ್ಲ ತುಂಬಿಸಿ, "ಯಾವತ್ತು ಹೊರಡ್ತಾರಮ್ಮಾ?" ಎಂದರು.

"ಮನೆಗೆ ಬಂದವರನ್ನ ಯಾವಾಗ ಹೋಗ್ತೀರಾ ಅಂತ ಹೇಗೆ ಕೇಳೋದು ಸಾರ್?"

"ನಾನಲ್ಲಮ್ಮಾ, ಕಂಪ್ಯೂಟರ್ ಕೇಳ್ತಿದೆ. ತಡೀರಿ, ಅವರನ್ನೇ ಕೇಳ್ತೀನಿ."

"ಬೇಡ ಸಾರ್! ನಾನೇ ಕೇಳಿಸಿದೆ ಅಂದ್ಕೊಳ್ತಾಳೆ. ನಿಮ್ಮನೇಲಿ ಹೀಗೆ ಕೇಳ್ತೀರಾ?"

ಅವರು ನಿಟ್ಟುಸಿರುಬಿಟ್ಟರು. "ಎಲ್ಲಿ ಕೇಳೋದು? ಗೌರಿ ಹಬ್ಬಕ್ಕೆ ಬಂದ ನನ್ನ ಭಾವಮೈದ ಇನ್ನೂ ಇದಾನೆ. ಹೋಗ್ಲಿ ಬಿಡಿ, ವೀಸಾ ಮುಗಿಯೋ ತಾರೀಖೇ ಹಾಕ್ತೀನಿ."

ಆ ತಾರೀಖು ಸಂಕ್ರಾಂತಿಯ ಆಚೆಗಿತ್ತು. ಪ್ರಿಂಟಾಗಿ ಬಂದ ಹಾಳೆ ನೋಡಿದ ಹುಡುಗಿಯ ಕಣ್ಣು ತುಂಬಿತು. ಭಾನುವಾರವೇ ಹೊರಡಬೇಕೆಂದಿದ್ದಳಂತೆ, ಇಷ್ಟು ದಿನ ಇರು ಎಂದು ಯಾರೂ ಅವಳನ್ನು ಕರೆದಿರಲಿಲ್ಲವಂತೆ. ಠಾಣೆಯಲ್ಲೇ ನನಗೆ ಕೈಮುಗಿದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಭಗವಂತ ಕೊಡುವಾಗ ಕೈಬಿಚ್ಚಿ ಕೊಡುತ್ತಾನೆ. ಸೋಮವಾರ ಅದೇ ಕೋಣೆಗೆ ನನ್ನ ನಾದಿನಿ ಬರುವವಳಿದ್ದಾಳೆ. ಎಷ್ಟು ದಿನಕ್ಕೆಂದು ನಾನಂತೂ ಕೇಳಿಲ್ಲ.