ನಾನಿಟ್ಟ ಹೆಸರು

ಮೊನ್ನೆ ಭಾನುವಾರ ನನ್ನ ಹೆಂಡತಿ ಮಗಳ ಕಿವಿನೋವಿಗೆಂದು ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸುತ್ತಿದ್ದಳು. ಪೇಪರ್ ಓದುತ್ತಿದ್ದ ನಾನು ಎದ್ದು ಹೋಗಿ ಒಲೆ ಆರಿಸಿ, ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೊರಟೆ. "ಇಷ್ಟಕ್ಕೆಲ್ಲ ಡಾಕ್ಟ್ರಾ?" ಎಂದಳು ಹೆಂಡತಿ. ಆ ವಾಸನೆ ನನಗೆ ಯಾಕಾಗದು ಎಂಬುದನ್ನು ಹನ್ನೆರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ಆಗ ನಾನು ಹಾಸನದಲ್ಲಿ ಡಿ.ಎಡ್. ಓದುತ್ತಿದ್ದೆ. ಪಾಠ ಮಾಡುವುದನ್ನು ಕಲಿಯಲೆಂದು ಹಳೇಕೋಟೆ ಕಡೆಯ ಒಂದು ಹಳ್ಳಿ ಶಾಲೆಗೆ ಹಾಕಿದರು. ನಾಲ್ಕನೇ ಕ್ಲಾಸು. ಇಸ್ತ್ರಿ ಅಂಗಿ, ಕಂಕುಳಲ್ಲಿ ಬಣ್ಣದ ಚಾರ್ಟುಗಳ ಸುರುಳಿ, ನಿಮಿಷ ನಿಮಿಷಕ್ಕೂ ಏನು ಹೇಳಬೇಕೆಂದು ಬರೆದುಕೊಂಡ ಪಾಠಯೋಜನೆ. ಹೆಣ್ಣು ನೋಡಲು ಹೊರಟವನ ಹಾಗೆ ಹೋದೆ. ಒಳಗೆ ಕಾಲಿಟ್ಟ ಮೇಲೆ ಬಾಯಿ ಒಣಗಿತು. ಮೇಷ್ಟ್ರ ಭಯವನ್ನು ಮಕ್ಕಳಷ್ಟು ಬೇಗ ಪತ್ತೆ ಹಚ್ಚುವವರಿಲ್ಲ. ಹೆಸರು ಕೇಳಿದರೆ ಒಬ್ಬರ ಹೆಸರು ಇನ್ನೊಬ್ಬರು ಹೇಳಿ ಕಿಸಕ್ಕೆನ್ನುತ್ತಿದ್ದರು. ನನ್ನ ಪಾಠ ನೋಡಿ ಅಂಕ ಹಾಕಲು ನಮ್ಮ ಕಾಲೇಜಿನ ಮೇಡಂ ಬೇರೆ ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಎರಡನೇ ಸಾಲಿನ ತುದಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡ ಸಣಕಲು ಹುಡುಗಿಯೊಬ್ಬಳಿದ್ದಳು. ಎರಡು ಸಲ ಕೇಳಿದರೂ ಅವಳು ಹೆಸರು ಹೇಳಲಿಲ್ಲ. ಹತ್ತಿರ ಹೋದರೆ ಬೆಳ್ಳುಳ್ಳಿ ಎಣ್ಣೆಯ ಘಾಟು.

"ಏನಮ್ಮಾ, ಒಗ್ಗರಣೆ ಹಾಕಿಸ್ಕೊಂಡು ಬಂದಿದೀಯಾ? ಬೆಳ್ಳುಳ್ಳಿ ಅಂತ್ಲೇ ಹೆಸರು ಬರ್ಕೊಳ್ಳಲಾ?" ಎಂದೆ.

ಇಡೀ ಕ್ಲಾಸು ಗೊಳ್ಳೆಂದಿತು. ಆ ನಗುವಿನಲ್ಲಿ ನನ್ನ ಭಯ ಹೋಯಿತು, ಪಾಠ ಚೆನ್ನಾಗಿಯೇ ನಡೆಯಿತು. ಮೇಡಂ ನನ್ನ ಪುಸ್ತಕದಲ್ಲಿ 'ಮಕ್ಕಳೊಂದಿಗೆ ಉತ್ತಮ ಒಡನಾಟ' ಎಂದು ಬರೆದು ಸಹಿ ಹಾಕಿದರು.

ಹುಡುಗಿಯ ಹೆಸರು ಸವಿತಾ. ಅವತ್ತಿನಿಂದ ಯಾರೂ ಅವಳನ್ನು ಹಾಗೆ ಕರೆಯಲಿಲ್ಲ, ಎಲ್ಲರಿಗೂ ಬೆಳ್ಳುಳ್ಳಿಯಾದಳು. ನಾನೂ ಒಂದೆರಡು ಸಲ 'ಬೆಳ್ಳುಳ್ಳಿ, ಬಾ ಇಲ್ಲಿ' ಎಂದಿದ್ದುಂಟು. ಅದು ಸಲಿಗೆ ಎಂದುಕೊಂಡಿದ್ದೆ. ಅವಳು ಗೇಟಿನ ಹತ್ತಿರವೇ ಹತ್ತಿ ತೆಗೆದು ಬಿಸಾಡಿ ಒಳಗೆ ಬರತೊಡಗಿದಳು. ಸೋರುವ ಕಿವಿಯನ್ನು ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು.

ಮೂರನೇ ವಾರ ಅವಳ ತಾಯಿ ಅವಳನ್ನು ಕೈಹಿಡಿದು ಎಳೆದುಕೊಂಡು ಬಂದರು.

"ದಿನಾ ತಲೆನೋವು ಅಂತಾಳೆ ಸಾ. ಎಲ್ಲಾ ನೆಪ. ಯಾವೋ ಐಕ್ಳು ಅಡ್ಡೆಸ್ರು ಇಟ್ಟವಂತೆ, ಅದ್ಕೆ ಇಸ್ಕೂಲ್ ಬ್ಯಾಡ ಅಂತಾಳೆ. ವಸಿ ಗದರ್ಸಿ ಸಾ ಅವುಕ್ಕೆ."

ಸವಿತಾ ತಲೆಯೆತ್ತಿ ನನ್ನನ್ನು ನೋಡಿದಳು. ಮನೆಯಲ್ಲಿ ಅವಳು ನನ್ನ ಹೆಸರು ಹೇಳಿರಲಿಲ್ಲ. "ಆಗಲಮ್ಮ, ಗದರಿಸ್ತೀನಿ" ಎಂದೆ.

ಮತ್ತೆ ನಾಲ್ಕು ದಿನ ಅವಳು ಬರಲಿಲ್ಲ. ಐದನೇ ದಿನ ಹೆಡ್‌ಮಾಸ್ಟರು, ಹುಡುಗಿಗೆ ಫಿಟ್ಸ್ ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. ಕಿವಿಯ ಕೀವು ಮಿದುಳಿಗೆ ಏರಿತ್ತು. ಜೀವ ಉಳಿಯಿತು, ಎರಡು ಕಿವಿಯೂ ಹೋದವು.

ನಾನು ಬಿಸ್ಕತ್ತು ಹಿಡಿದುಕೊಂಡು ನೋಡಲು ಹೋದೆ. ತಾಯಿ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದರು.

"ಜ್ವರ ಬಂದು ಮನಗಿದ್ರೂವೆ ಕಳ್ಳಾಟ ಅಂದ್ಕಂಬುಟ್ಟೆ ಸಾ. ಎಬ್ಬಿಸಿ ಒಡ್ದೆ. ನಾನೂ ಒಬ್ಳು ತಾಯಾ?"

'ಆ ಹೆಸರಿಟ್ಟವನು ನಾನು.' ಮೂರೇ ಮಾತು. ಬಾಯಿಯವರೆಗೂ ಬಂದವು. "ನೀವೇನು ಮಾಡೋಕಾಗ್ತಿತ್ತಮ್ಮ" ಎಂದು ಬಿಸ್ಕತ್ತು ಕೊಟ್ಟು ಬಂದುಬಿಟ್ಟೆ.

ಒಳ್ಳೆಯ ಅಂಕ ಬಂತು, ಕೆಲಸವೂ ಸಿಕ್ಕಿತು. ಈಗ ಕೊಣನೂರಿನ ಹತ್ತಿರ ಮೇಷ್ಟ್ರಾಗಿದ್ದೇನೆ. ಸವಿತಾ ಹೊಳೆನರಸೀಪುರದ ಒಂದು ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಾಳೆಂದು ಗೊತ್ತಿತ್ತು. ಆ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಓಡಾಡಿದ್ದೇನೆ.

ಭಾನುವಾರ ಡಾಕ್ಟರು ಮಗಳ ಕಿವಿ ನೋಡಿ, ಗುಗ್ಗೆ ಅಷ್ಟೇ ಎಂದರು. ಹತ್ತು ನಿಮಿಷದ ಕೆಲಸ. ಮಗಳು ನಗುನಗುತ್ತಾ ಬಂದು ಸ್ಕೂಟರ್ ಹತ್ತಿದಳು. ಸವಿತಾಳನ್ನು ಹೀಗೆ ಸಮಯಕ್ಕೆ ಯಾರೂ ಡಾಕ್ಟರ ಹತ್ತಿರ ಒಯ್ದಿರಲಿಲ್ಲ.

ಸೋಮವಾರ ರಜೆ ಹಾಕಿ ಆ ಅಂಗಡಿಗೆ ಹೋದೆ. ನಾನು ಯಾರು, ಏನು ಮಾಡಿದೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಸವಿತಾ ಎರಡು ಸಲ ಓದಿದಳು. ತನ್ನ ದನಿ ತನಗೇ ಕೇಳದ್ದರಿಂದ ಅಂಗಡಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದಳು.

"ನಂಗೊತ್ತಲ್ಲ ಸಾ. ನಂಗ್ಯಾಕೇಳ್ತೀರಿ? ನಮ್ಮವ್ವಂಗೇಳಿ. ಅವ್ಳು ಇನ್ನೂವೆ ತನ್ನಿಂದ್ಲೇ ಇಂಗಾಯ್ತು ಅಂತಾವ್ಳೆ."

ಅಷ್ಟು ಹೇಳಿ ಮೆಷಿನ್ನಿನ ಕಡೆಗೆ ತಿರುಗಿದಳು.

ಹಳೇಕೋಟೆ ಬಸ್ಸು ಹತ್ತಿದೆ. ತಾಯಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ಗುರುತು ಹಿಡಿದು "ಬನ್ನಿ ಸಾ, ಕೂತ್ಕಳಿ" ಎಂದರು. ನಾನು ನಿಂತೇ ಹೇಳಿದೆ. ಆಸ್ಪತ್ರೆಯಲ್ಲಿ ಬಾಯಿಯವರೆಗೆ ಬಂದು ನಿಂತ ಮಾತನ್ನೂ ಬಿಡದೆ ಹೇಳಿದೆ.

ಅವರು ಮೊರ ಕೆಳಗಿಟ್ಟರು.

"ನೀವು ಎಸ್ರಿಟ್ರಿ, ಆಯ್ತು. ಅಂಗಂದ್ರೂ ಒಡ್ದಿದ್ದು ನಾನೇ ಅಲ್ವಾ ಸಾ?"

ಅವರು ಮಂಡಿಯ ಮೇಲೆ ಕೈಯೂರಿ ಎದ್ದು, ಕಾಫಿ ಕಾಯಿಸಲು ಒಳಗೆ ಹೋದರು. ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಜಗಲಿಯ ಮೇಲೆ ಕೂತೆ.