ಐಸಿಗೆ ಹಾಕಿದ ಉಪ್ಪು

ಗುಲಾಬಿ, ನಿನ್ನ ಮದ್ದನ್ನು ಕೆಡಿಸಿದವನು ನಾನು. ಕೆಟ್ಟದ್ದು ನಿನ್ನ ಶರೀರವಲ್ಲ — ಮದ್ದು. ಕೆಡಿಸಿದ್ದು ನಿನ್ನ ಸ್ವಂತ ಅಣ್ಣ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗಿ ವರ್ಷಗಳು ಕಳೆದರೂ ನಿನಗೆ ಮಕ್ಕಳಿರಲಿಲ್ಲ. ಅಂಡ ಬೆಳೆಯಲೆಂದು ಕೊಡುತ್ತಿದ್ದ ಇಂಜೆಕ್ಷನ್ ಸಾಲುತ್ತಿಲ್ಲ, ಜೊತೆಗೆ ಇನ್ನೊಂದನ್ನು ಸೇರಿಸಿ ನೋಡೋಣ ಎಂದರು ಮಣಿಪಾಲದ ಡಾಕ್ಟರಮ್ಮ — ಕುಳ್ಳಗುಳಿದ ಮಕ್ಕಳಿಗೆ ಕೊಡುವ ಬೆಳವಣಿಗೆಯ ಹಾರ್ಮೋನು. ಹೊಸ ಪ್ರಯತ್ನ, ಖಾತ್ರಿಯಿಲ್ಲ ಎಂದೂ ಹೇಳಿದ್ದರು. ದುಬೈಯಿಂದ ರಜೆಗೆ ಬಂದ ನಿನ್ನ ಗಂಡ, ನನ್ನ ಭಾವ, ಅದನ್ನು ತಂದಿದ್ದರು. ನರ್ಸ್ ಪುಡಿಗೆ ನೀರು ಬೆರೆಸಿ ಶೀಶೆಯನ್ನು ನನ್ನ ಕೈಗಿತ್ತು, ತಂಪಾಗಿರಬೇಕು, ಆದರೆ ಹೆಪ್ಪುಗಟ್ಟಬಾರದು; ಗಟ್ಟಿಯಾದರೆ ಮದ್ದು ಕೆಟ್ಟ ಹಾಗೆ, ಎಸೆದು ನಮಗೆ ತಿಳಿಸಿ ಎಂದಿದ್ದರು.

ಚಿಕಿತ್ಸೆಗೆಂದು ನೀವಿಬ್ಬರೂ ಬಂದು ಉಳಿದಿದ್ದ ಕಾಪುವಿನ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಮಲ್ಪೆಯಿಂದ ಕಾರ್ಕಳಕ್ಕೆ ಮೀನು ಸಾಗಿಸುವವನು ನಾನು. ಐಸಿನ ಬಗ್ಗೆ ನನಗ್ಯಾರು ಕಲಿಸಬೇಕು ಎಂಬ ಜಂಬ ಬೇರೆ. ಪೆಟ್ಟಿಗೆ ತೊಳೆದು, ಐಸ್ ಒಡೆದು ತುಂಬಿ, ನಡುವೆ ಶೀಶೆ ಇಟ್ಟೆ. ತಂಪು ಜೋರಾಗಲೆಂದು, ಅಂಜಲ್ ಮೀನಿಗೆ ಮಾಡುವ ಹಾಗೆ, ಮೇಲೆ ಕಲ್ಲುಪ್ಪು ಚೆಲ್ಲಿದೆ. ಮರುದಿನ ತೆಗೆದರೆ ಉಪ್ಪು ಬಿದ್ದ ಐಸಿನ ಚಳಿಗೆ ಮದ್ದು ಕಲ್ಲಾಗಿತ್ತು. ಅಂಗೈಯಲ್ಲಿ ಹಿಡಿದು ಕರಗಿಸಿದೆ. ಆಗಲೇ ಹೇಳಬಹುದಿತ್ತು. ಐಸಿನವನೇ ಕೆಡಿಸಿದ ಎಂದು ಭಾವ ನಕ್ಕಾರು — ಅಷ್ಟಕ್ಕೇ, ಗುಲಾಬಿ, ಅಷ್ಟಕ್ಕೇ —

"ಅಣ್ಣ, ಮದ್ದು ಸರಿ ಉಂಟಲ್ಲ?"

"ಉಂಟು ಮಾರಾಯ್ತಿ. ಐಸಿನ ವಿಷಯ ನೀನು ನನಗೆ ಹೇಳಿಕೊಡ್ತೀಯಾ?"

ನೀನು ನಕ್ಕು ಸೂಜಿಗೆ ತೋಳು ಕೊಟ್ಟೆ. ಶೀಶೆ ಮುಗಿಯುವ ತನಕ ದಿನವೂ ಕೊಟ್ಟೆ.

ಫಲ ಸಿಗಲಿಲ್ಲ. ಮತ್ತೊಮ್ಮೆ ನೋಡೋಣ ಎಂದರು ಡಾಕ್ಟರಮ್ಮ. ಮುಂದಿನ ರಜೆಗೆ ಇನ್ನೊಂದು ಶೀಶೆ ತರಲು ಭಾವನೂ ತಯಾರಿದ್ದರು. ಬೇಡವೆಂದವಳು ನೀನೇ.

"ಎಂತ ಕೊಟ್ಟರೂ ಈ ಶರೀರಕ್ಕೆ ತಾಗುವುದಿಲ್ಲ ಅಣ್ಣ. ಸಾಕು."

ನಾನು ಎದುರಲ್ಲೇ ಕೂತಿದ್ದೆ. ಹೌದೆಂದು ತಲೆಯಾಡಿಸಿದೆ.

ಉಪ್ಪು ಹಾಕಿದ್ದನ್ನು ದಡ್ಡತನ ಎನ್ನು, ಒಪ್ಪುತ್ತೇನೆ. ಹಾಗೆ ತಲೆಯಾಡಿಸಿದ್ದಕ್ಕೆ ದ್ರೋಹವೆಂಬ ಒಂದೇ ಹೆಸರು. ಮದ್ದು ಸರಿಯಿದ್ದರೂ ಮಗುವಾಗುತ್ತಿತ್ತೋ ಇಲ್ಲವೋ, ಗೊತ್ತಿಲ್ಲ — ಆ ‘ಗೊತ್ತಿಲ್ಲ’ ಎಂಬುದರ ಹಿಂದೆ ಇಷ್ಟು ವರ್ಷ ಅಡಗಿ ಕೂತೆ. ಸಂಬಂಧಿಕರು ನಿನ್ನನ್ನು ಆಡಿಕೊಂಡಾಗ ಸಮಾಧಾನ ಹೇಳಲು ಓಡಿ ಬಂದವನೂ ನಾನೇ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ನಾಳೆ ನಿನ್ನ ಮನೆಗೆ ಬಂದು ಭಾವನ ಎದುರೇ ಇದನ್ನೆಲ್ಲ ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ. ಅಣ್ಣನ ಮಾತನ್ನು ನಂಬಿ, ನೀನು ನಿನ್ನ ಶರೀರವನ್ನು ನಂಬುವುದನ್ನೇ ಬಿಟ್ಟೆ.