ಒಣಹಳ್ಳದಲ್ಲಿ ಹಾಕಿದ ಟೆಂಟು

ನಮ್ಮದೊಂದು ಟೆಂಟಿತ್ತು. ಕಿತ್ತಳೆ ಬಣ್ಣದ್ದು, ಆನ್‌ಲೈನಿನಲ್ಲಿ ತರಿಸಿದ್ದು. ಸದ್ಯ ಅದು ಘೋಣಸಗಿಯ ಆಚೆ ಯಾವುದೋ ಕೆರೆಯ ತಳದಲ್ಲಿರಬೇಕು. ಅದರೊಳಗೆ ಎರಡು ಚಾದರ, ನನ್ನ ಓದುವ ಕನ್ನಡಕ, ಒಂದು ಡಬ್ಬಿ ಶೇಂಗಾ ಹೋಳಿಗೆ ಇದ್ದವು. ಕೆರೆಯ ಮೀನುಗಳಿಗೆ ಆ ವಾರ ಹಬ್ಬವೇ ಆಗಿರಬೇಕು.

ಮೀನಿನ ಮಾತು ಬಿಡಿ. ಆ ಸಂಜೆ ಟೆಂಟಿನ ಜೊತೆಗೆ ಇನ್ನೂ ಏನೇನೋ ಹೋಗಬಹುದಿತ್ತು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. (ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದುವವಳಿಗೆ ಬೇರೆ ರೀತಿ ಹೇಳಲು ಬರುವುದೂ ಇಲ್ಲ.)

ಕ್ಯಾಂಪಿಂಗ್ ಹುಚ್ಚು ಮೊದಲು ಹತ್ತಿದ್ದು ನಮ್ಮ ಮನೆಯವರಿಗೆ. ಬಬಲೇಶ್ವರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಎಲ್ಲಿಯವೋ ರೀಲ್ಸ್ ನೋಡುತ್ತಾರೆ. ಗುಡ್ಡದ ಮೇಲೆ ಟೆಂಟು, ಮುಂದೆ ಬೆಂಕಿ, ಬೆಂಕಿಯ ಸುತ್ತ ನಗುವ ಮಕ್ಕಳು. 'ನಮ್ಮ ಹುಡುಗೂರು ಮೊಬೈಲ್ ಬಿಟ್ಟು ಏನ್ ನೋಡ್ಯಾವ?' ಎಂಬ ಪ್ರಶ್ನೆ ದಿನಾ ಊಟಕ್ಕೆ ಕೂತಾಗ ಬರತೊಡಗಿತು. ಮಕ್ಕಳು ಇಬ್ಬರು. ಒಂಬತ್ತರ ಮಗಳು ಅನು, ಆರರ ಮಗ ಸಮರ್ಥ.

ಜಾಗ ಕೊಟ್ಟವರು ಅವರ ಸಹೋದ್ಯೋಗಿ ರಫೀಕ್. ತಿಕೋಟಾ ದಾಟಿ ಘೋಣಸಗಿಯ ಕಡೆ ಅವರ ಹೊಲವಿದೆ. 'ಸರ, ನಮ್ಮ ಹೊಲಕ್ಕ ಹೋಗ್ರಿ. ಜ್ವಾಳ ಕೊಯ್ದೀವಿ, ಖಾಲಿ ಬಿದ್ದದ. ಒಂದಲ್ಲ, ನಾಕ ಟೆಂಟ್ ಹೊಡೀರಿ' ಅಂದಿದ್ದರು.

ಅತ್ತೆ ಮಾತ್ರ ಒಪ್ಪಲಿಲ್ಲ. 'ಮನ್ಯಾಗ ಗಾದಿ ಬಿಟ್ಟು ಅಡವ್ಯಾಗ ಮಲಗಾಕ ಇವ ರೊಕ್ಕ ಕೊಟ್ಟು ಅರಿವಿ ಮನಿ ತಂದಾನ. ನಮ್ಮಪ್ಪ ಸುಗ್ಗ್ಯಾಗ ತಿಂಗಳಗಟ್ಟಲೆ ಹೊಲದಾಗ ಮಲಗತಿದ್ದ. ಅವನ ಫೋಟೋ ಯಾರೂ ತಗೀಲಿಲ್ಲ ಬೇ' ಎಂದು ನನ್ನ ಮೇಲೆ ಹಾಯ್ದರು. ಶನಿವಾರ ಮಧ್ಯಾಹ್ನ ಕಾರಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತವರು ಅವರೇ. ತೊಡೆಯ ಮೇಲೆ ರೊಟ್ಟಿಯ ಗಂಟು, ಜುಣಕದ ಡಬ್ಬಿ. ಕಾಲಲ್ಲಿ ಹೊಸ ಚಪ್ಪಲಿ.

ಹೊಲದಲ್ಲಿ ಟೆಂಟು ಹೊಡೆಯಲು ಆಗಲಿಲ್ಲ. ಬೇಸಿಗೆಯ ಎರೆಮಣ್ಣು ಹೇಗಿರುತ್ತದೆ ನಿಮಗೆ ಗೊತ್ತು. ಬಿರುಕು ಬಿಟ್ಟ ಕಡೆ ಗೂಟ ಪೂರ್ತಿ ಒಳಗೆ ಹೋಗುತ್ತದೆ, ಉಳಿದ ಕಡೆ ಹೋಗುವುದೇ ಇಲ್ಲ. ಮೇಲೆ ಜೋಳದ ಕೂಳೆ. ಟೆಂಟಿನ ತಳಕ್ಕೆ ಚುಚ್ಚಿ ಒಂದು ತೂತು ಆಗಲೇ ಬಿದ್ದಿತ್ತು. ಹೊಲದ ಅಂಚಿಗೆ ಒಂದು ಹಳ್ಳ. ಅಗಲವಾದ ಹಳ್ಳ. ಒಂದು ಹನಿ ನೀರಿಲ್ಲ. ತಳದ ತುಂಬ ಹಿಟ್ಟಿನಂಥ ಮರಳು, ಒಂದು ಬದಿಗೆ ಜಾಲಿ ಮರದ ನೆರಳು.

ಯಾರಾದರೂ ಎಲ್ಲಿ ಹೊಡೆಯುತ್ತಾರೆ ಹೇಳಿ?

ಎಚ್ಚರ ವಹಿಸಲಿಲ್ಲ ಎನ್ನಬೇಡಿ. ಮನೆಯವರು ಮೊಬೈಲಿನಲ್ಲಿ ಹವಾಮಾನ ನೋಡಿದರು. ಮಳೆಯ ಸಾಧ್ಯತೆ ಸೊನ್ನೆ. ಅತ್ತೆ ಹಣೆಗೆ ಅಂಗೈ ಅಡ್ಡ ಹಿಡಿದು ನಾಲ್ಕೂ ದಿಕ್ಕು ನೋಡಿದರು. 'ಒಂದ ಮಾಡ ಇಲ್ಲ. ಹನಿ ಸೈತ ಬೀಳಂಗಿಲ್ಲ. ಹೊಡೀರಿ' ಅಂದರು. ನಾನೂ ಒಮ್ಮೆ ತಲೆ ಎತ್ತಿ ನೋಡಿದೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರು ನೀರಿನ ಸುದ್ದಿ ಕೇಳುವುದು ಆಕಾಶವನ್ನೇ. ಮೂವರೂ ಆಕಾಶವನ್ನು ಕೇಳಿದೆವು. ಅದು ಸುಳ್ಳು ಹೇಳಲಿಲ್ಲ. ಆ ದಿನ ಮಳೆ ಬರಲಿಲ್ಲ.

ಹೊತ್ತು ಇಳಿಯತೊಡಗಿತ್ತು. ಮನೆಯವರು ಸ್ಟವ್ ತರಲು ಮೇಲೆ ಹೊಲದಲ್ಲಿ ನಿಲ್ಲಿಸಿದ್ದ ಕಾರಿನ ಕಡೆ ಹೋಗಿದ್ದರು. ನಾನು ಮತ್ತು ಅತ್ತೆ ಟೆಂಟಿನ ಮುಂದೆ ಕೂತಿದ್ದೆವು. ಮಕ್ಕಳು ಹಳ್ಳದ ಆಚೆ ಬದಿಗೆ, ದಂಡೆಯ ಬುಡದಲ್ಲಿ ಮರಳು ತೋಡುತ್ತಿದ್ದರು. ಬಾವಿಯಂತೆ. ನೀರು ಬರುತ್ತದಂತೆ.

ಮೊದಲು ಸದ್ದು ಬಂತು. ಯಾರೋ ಒಣ ಜೋಳದ ದಂಟಿನ ಕಟ್ಟು ಎಳೆದುಕೊಂಡು ಬಂದಂತೆ, ಸರ ಸರ. ಹಳ್ಳದ ತಿರುವಿನ ಕಡೆ ನೋಡಿದೆ. ನಡುಹಳ್ಳದಲ್ಲಿ ಕಂದು ಬಣ್ಣದ ಒಂದು ನಾಲಿಗೆ ಮೆಲ್ಲಗೆ ಮುಂದೆ ಬರುತ್ತಿತ್ತು. ಅದರ ತುದಿಯಲ್ಲಿ ನೊರೆ, ಒಣ ಎಲೆ, ಕಡ್ಡಿ, ಒಂದು ಪ್ಲಾಸ್ಟಿಕ್ ಬಾಟಲಿ. ಮರಳಿನ ತಗ್ಗು ಸಿಕ್ಕಲ್ಲಿ ನಿಂತು, ಅದನ್ನು ತುಂಬಿ, ಮತ್ತೆ ಮುಂದೆ ಹೊರಡುತ್ತಿತ್ತು.

ನೀರು!

ಆ ಕ್ಷಣ ನಾವು ಏನು ಮಾಡಿದೆವು? ಓಡಿದೆವೇ? ಇಲ್ಲ. ಖುಷಿಪಟ್ಟೆವು.

ಇದನ್ನು ಬೇರೆ ಊರಿನವರಿಗೆ ಬಿಡಿಸಿ ಹೇಳಬೇಕು. ವಿಜಯಪುರದ ತೊರವಿ ರಸ್ತೆಯ ಕಡೆಗಿನ ನಮ್ಮ ಓಣಿಯಲ್ಲಿ ನಳ ಯಾವಾಗ ಬರುತ್ತದೆ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ಅದು ಗೊರಗೊರ ಎಂದಾಗ ಯಾರಾದರೊಬ್ಬರು 'ನೀರ ಬಂತು' ಎಂದು ಕೂಗುತ್ತಾರೆ. ಆಗ ಫೋನಿನಲ್ಲಿದ್ದವರು ಫೋನು ಇಡುತ್ತಾರೆ, ಊಟಕ್ಕೆ ಕೂತವರು ಏಳುತ್ತಾರೆ, ಮಕ್ಕಳು ಕೊಡ ಹಿಡಿದು ಹೊರಗೆ ಓಡುತ್ತಾರೆ. ಆ ಎರಡು ಶಬ್ದಕ್ಕೆ ನಮ್ಮ ಕಾಲು ಕಲಿತಿರುವುದು ಒಂದೇ ದಿಕ್ಕು.

ಅತ್ತೆ ಸೆರಗು ಸರಿ ಮಾಡಿಕೊಂಡು ಎದ್ದರು. 'ಗಂಗವ್ವ ಬಂದ್ಲು ನೋಡ ಬೇ. ಬ್ಯಾಸಿಗ್ಯಾಗ ತಾನಾಗೇ ಬಂದ್ಲು.' ನಡುಹಳ್ಳಕ್ಕೆ ಹೋಗಿ ಪಾದದಷ್ಟು ನೀರಿನಲ್ಲಿ ನಿಂತರು. ಬಗ್ಗಿ ಬೊಗಸೆಯಲ್ಲಿ ತೆಗೆದು ಕಣ್ಣಿಗೆ ಹಚ್ಚಿಕೊಂಡರು. ನಾನು ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದೆ. ಎಷ್ಟು ಚೆಂದದ ಚಿತ್ರ! ಭಾನುವಾರದ ಪುಟಕ್ಕೆ ಆಗುತ್ತದೆ ಎಂದೂ ಅನ್ನಿಸಿತು.

'ಏ ಅನೂ, ಸಮ್ಯಾನ ಕರಕೊಂಡು ಬಾ ಇಲ್ಲೆ. ಗಂಗವ್ವನ ಮುಟ್ಟಿ ಕಣ್ಣಿಗಿ ಹಚಗೋರಿ' ಎಂದು ಅತ್ತೆ ಕೂಗಿದರು.

ಅನು ಬರಲಿಲ್ಲ. ತಮ್ಮನ ಅಂಗಿಯ ಕೊರಳು ಹಿಡಿದು ನಿಂತೇ ಇದ್ದಳು.

'ಬಾ ಅಂದ್ರ ಬರವಲ್ದು ನೋಡು. ಮೊಂಡ ಅದ.'

ಅಷ್ಟರಲ್ಲಿ ನಾಲಿಗೆಯಂತಿದ್ದ ನೀರು ಹಾಸಿಗೆಯಷ್ಟು ಅಗಲವಾಗಿತ್ತು. ಅತ್ತೆಯ ಪಾದದಲ್ಲಿದ್ದದ್ದು ಮೊಳಕಾಲಿಗೆ ಬಂತು. ಅವರು ಒಮ್ಮೆ ಓಲಾಡಿದರು. ಕಾಲ ಕೆಳಗಿನ ಮರಳು ಜಾರುತ್ತಿತ್ತು. ನಾನು ಹೋಗಿ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಬಿದ್ದು, ತೆವಳಿ, ಈಚೆ ದಂಡೆ ಹತ್ತಿದೆವು. ತಿರುಗಿ ನೋಡಿದಾಗ ಟೆಂಟು ಜಾಗದಲ್ಲಿರಲಿಲ್ಲ. ಸ್ವಲ್ಪ ದೂರದಲ್ಲಿ, ಗಾಳಿ ತುಂಬಿಕೊಂಡು, ಹಡಗಿನ ಗತ್ತಿನಲ್ಲಿ ಹೋಗುತ್ತಿತ್ತು.

ನಮ್ಮ ಮತ್ತು ಮಕ್ಕಳ ನಡುವೆ ಈಗ ಇಡೀ ಹಳ್ಳವಿತ್ತು.

'ಬರಬ್ಯಾಡ್ರಿ! ಮ್ಯಾಲ ಹತ್ತರಿ, ಆ ಕಡೆ ಮ್ಯಾಲ ಹತ್ತರಿ!' ಅಂದೆ. ಅನು ಆಗಲೇ ತಮ್ಮನನ್ನು ಹಿಂದಿನಿಂದ ದೂಡುತ್ತ ದಂಡೆ ಹತ್ತಿಸುತ್ತಿದ್ದಳು. ಅವರು ತೋಡಿದ್ದ ಬಾವಿ ತುಂಬಿತು. ಆಮೇಲೆ ಕಾಣಲಿಲ್ಲ.

ನನ್ನ ಕೂಗಿಗೆ ಮನೆಯವರು ಓಡಿ ಬಂದರು. ನೇರವಾಗಿ ನೀರಿಗೆ ಇಳಿದರು. ತೊಡೆಮಟ್ಟ ಬಂತು. ಮುಂದಿನ ಹೆಜ್ಜೆಗೆ ಮುಗ್ಗರಿಸಿ ಎದೆಯವರೆಗೆ ಮುಳುಗಿದರು. ಜಾಲಿಯ ಬೇರು ಕೈಗೆ ಸಿಕ್ಕದಿದ್ದರೆ ಈ ಅಂಕಣ ಬೇರೆ ಪುಟದಲ್ಲಿ ಬರುತ್ತಿತ್ತು.

'ರೀ, ಬ್ಯಾಡ. ಗಾಡಿ ತಗೊಂಡು ಸುತ್ತ ಹಾಕಿ ಹೋಗ್ರಿ. ರಸ್ತಾದಾಗ ಬ್ರಿಜ್ ಅದ.'

'ಅವರನ್ನ ಬಿಟ್ಟು ಹೆಂಗ ಹೋಗಲಿ?'

'ನಾ ಇಲ್ಲೇ ಇರತೇನಿ. ಹೋಗ್ರಿ.'

ಮಕ್ಕಳ ಹತ್ತಿರ ಹೋಗಲು ಮಕ್ಕಳಿಗೆ ಬೆನ್ನು ಹಾಕಿ ಓಡಬೇಕಿತ್ತು. ಓಡಿದರು.

ನನಗೆ ನಿಜವಾದ ಭಯ ಹುಟ್ಟಿದ್ದು ಆಗ. ಯಾಕೆಂದರೆ ಆಚೆಯಿಂದ ಸಮರ್ಥ ನೋಡಿದ್ದು ಇಷ್ಟೇ: ಪಪ್ಪ ನೀರಿಗೆ ಇಳಿದರು, ತಿರುಗಿ ಹೋದರು, ಕಾರು ಚಾಲೂ ಆಯಿತು, ಹೊರಟೇ ಹೋಯಿತು. 'ಪಪ್ಪಾ ಹೊಂಟ್ರು' ಎಂದು ಚೀರಿದ. ದಂಡೆ ಇಳಿಯತೊಡಗಿದ. ನನ್ನ ಕಡೆ ಬರಲು. ಅವನಿಗೆ ಹಳ್ಳ ಕಾಣುತ್ತಿರಲಿಲ್ಲ, ಅಮ್ಮ ಕಾಣುತ್ತಿದ್ದಳು.

ಅನು ಅವನ ಅಂಗಿ ಹಿಡಿದಳು. ಗುಂಡಿಗಳು ಕಿತ್ತುಬಂದವು. ಸೊಂಟಕ್ಕೆ ಕೈ ಹಾಕಿ ಹಿಡಿದಳು. ಅವನು ಒದೆಯುತ್ತಿದ್ದ. ಅವನ ಒಂದು ಕಾಲು ನೀರಿನ ಅಂಚಿನಲ್ಲಿತ್ತು. ಒಂಬತ್ತು ವರ್ಷದವಳ ತೋಳಿನಲ್ಲಿ ಎಷ್ಟು ಹೊತ್ತು ಶಕ್ತಿ ಇರುತ್ತದೆ?

'ಲೇ ಸಮ್ಯಾ, ನೀರಾಗ ಕಾಲ ಇಟ್ಟಿ ಅಂದ್ರ ಕಾಲ ಮುರೀತೇನಿ' ಎಂದು ಅತ್ತೆ ಗದರಿದರು. ಅವನು ಇನ್ನೂ ಜೋರಾಗಿ ಅತ್ತ.

ಆಗ ಅನು ಒಂದು ಕೆಲಸ ಮಾಡಿದಳು. ಪಕ್ಕದಲ್ಲಿ ಬಿದ್ದಿದ್ದ ಜೋಳದ ದಂಟಿನ ತುಂಡೊಂದನ್ನು ಎತ್ತಿ ಅವನ ಬಾಯಿಯ ಮುಂದೆ ಹಿಡಿದಳು. 'ಮಮ್ಮೀ, ವಾರ್ತೆ' ಎಂದು ನನಗೆ ಕೂಗಿದಳು.

ಅದು ನಮ್ಮ ಮನೆಯ ಆಟ. ನಾನು ಪತ್ರಿಕೆಯಲ್ಲಿದ್ದೇನೆ ಎಂದರೆ ಸಮರ್ಥ ಒಪ್ಪುವುದಿಲ್ಲ. ಅವನ ಪ್ರಕಾರ ಸುದ್ದಿ ಎಂದರೆ ಟೀವಿ. ಆದ್ದರಿಂದ ನಾನು ಸ್ಟುಡಿಯೋ, ಅವನು ವರದಿಗಾರ.

ನಾನು ಕೂಗಿದೆ. 'ಸಮರ್ಥ ಅವರ, ನನ್ನ ದನಿ ಕೇಳಸಾಕತ್ತದೇನ್ರಿ?'

ಬಿಕ್ಕಳಿಕೆ. ಆಮೇಲೆ, 'ಕೇಳಸ್ತದರಿ.'

'ಅಲ್ಲಿ ಪರಿಸ್ಥಿತಿ ಹೆಂಗದರಿ?'

'ನೀರ ಭಾಳ ಅದರಿ. ಪಪ್ಪಾ ಓಡಿ ಹೋಗ್ಯಾರ್ರಿ.'

'ಓಡಿ ಹೋಗಿಲ್ಲರಿ. ನಿಮ್ಮ ಕಡೀನ ಬರಾಕತ್ತಾರ. ಸುದ್ದಿ ಖಾತ್ರಿ ಮಾಡಕೊಂಡು ಹೇಳ್ರಿ. ಮೊದಲ ಮ್ಯಾಲ ಹತ್ತರಿ, ಇಲ್ಲಿಂದ ನೀವು ಸರಿಯಾಗಿ ಕಾಣವಲ್ರಿ.'

ಅವನು ಯೋಚಿಸಿದ. ಮೇಲೆ ಹತ್ತಿದ. ಅನು ಅವನ ಹಿಂದೆ ಕೂತು ಎರಡೂ ಕಾಲು ಅವನ ಸುತ್ತ ಚಾಚಿ ಬೇಲಿ ಹಾಕಿದಳು.

'ಮತ್ತೇನ ಕಾಣಸ್ತದರಿ ಅಲ್ಲಿ?'

'ಒಂದು ಚಪ್ಪಲಿ ಹೊಂಟದರಿ.' ಸ್ವಲ್ಪ ತಡೆದು, 'ಆಯಿದು.'

'ಹೊಸಾವು ಇದ್ದೂ' ಅಂದರು ಅತ್ತೆ. ಅವರು ಅಳುತ್ತಿದ್ದರು. ಚಪ್ಪಲಿಗಲ್ಲ.

ವಾರ್ತೆ ನಡೆಯಿತು. ಕಡ್ಡಿ ಹೋದದ್ದು, ತೆಂಗಿನಕಾಯಿಯ ಚಿಪ್ಪು ಹೋದದ್ದು, ಕೊಕ್ಕರೆಯೊಂದು ಬಂದು ಕೂತದ್ದು. ಕೇಳಲು ಪ್ರಶ್ನೆ ಮುಗಿದಾಗ ಕ್ರಿಕೆಟ್ ಸ್ಕೋರು ಕೇಳಿದೆ, ಅವನು ಹುಟ್ಟಿಸಿ ಹೇಳಿದ. ಹೊತ್ತು ಮುಳುಗಿತು. ಅವನ ಅಂಗಿಯ ಬಣ್ಣ ಕಾಣದಾಯಿತು. 'ಕ್ಯಾಮೆರಾ ಕಾಣವಲ್ದರಿ' ಅಂದ. ದನಿ ಮತ್ತೆ ಒಡೆಯುತ್ತಿತ್ತು. ನಾನು ಮೊಬೈಲಿನ ಟಾರ್ಚ್ ಹಚ್ಚಿ ತಲೆಯ ಮೇಲೆ ಎತ್ತಿ ಹಿಡಿದೆ. 'ಈಗ ಕಾಣಸ್ತದೇನ್ರಿ?'

'ಹಾಂ.'

ಆ ಬೆಳಕು ಹಿಡಿದ ಕೈಯನ್ನು ಆಮೇಲೆ ಇಳಿಸಲಿಲ್ಲ. ಕೊನೆಗೆ ಆಚೆ ದಂಡೆಯ ಮೇಲೆ, ಕೂಳೆಯ ನಡುವೆ ಯಾರೋ ಓಡಿಬರುವ ಸದ್ದಾಯಿತು. ವರದಿಗಾರ ವಾರ್ತೆಯನ್ನು ಅರ್ಧಕ್ಕೇ ಬಿಟ್ಟ. 'ಪಪ್ಪಾ ಬಂದ್ರು' ಅನ್ನುವುದಷ್ಟೇ ಕೇಳಿಸಿತು. ಖಾತ್ರಿಯಾದ ಸುದ್ದಿ.

ವಿಜಯಪುರಕ್ಕೆ ಮರಳುವ ದಾರಿಯಲ್ಲಿ ಸಮರ್ಥ ಮಲಗಿದ್ದ. ತಿಕೋಟಾ ದಾಟಿದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು. 'ಅನೂ, ನಾ ಅಷ್ಟು ಕರದ್ರೂ ಯಾಕ ಬರಲಿಲ್ಲವಾ ನೀ?'

ಮಗಳು ಅಪಾಯ ಗುರುತಿಸಿದ್ದಳು ಎಂದೇ ನನ್ನ ಲೆಕ್ಕ.

'ಹೊಲಸ ಇತ್ತ ಆಯೀ' ಅಂದಳು. 'ನೊರಿ, ಕಸ, ಬಾಟ್ಲಿ. ಅದನ್ನ ಕಣ್ಣಿಗಿ ಹಚಗೋ ಅಂದ್ರ ಅಸಹ್ಯ ಆತು.'

ಅಷ್ಟೇ ಕಾರಣ. ಜಾಣತನ ಅಲ್ಲ, ಧೈರ್ಯ ಅಲ್ಲ, ಅಸಹ್ಯ. ಅತ್ತೆಗೆ ಕಂಡದ್ದು ಗಂಗವ್ವ, ನನಗೆ ಕಂಡದ್ದು ಒಳ್ಳೆಯ ಫೋಟೋ. ನೀರನ್ನು ನೀರಾಗಿ ಕಂಡವಳು ಅವಳೊಬ್ಬಳೇ.

ಮರುದಿನ ರಫೀಕ್ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು. ಕೆರೆ ತುಂಬಿಸಲು ಕಾಲುವೆಯಿಂದ ಹಳ್ಳಕ್ಕೆ ನೀರು ಬಿಟ್ಟಿದ್ದರು. ಯಾರೂ ಇಳಿಯಬಾರದೆಂದು ಊರಲ್ಲಿ ಮುಂಜಾನೆಯೇ ಮೈಕಿನಲ್ಲಿ ಹೇಳಿದ್ದರು, ಊರಿನ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದ್ದರು. 'ನಾ ಬಬಲೇಶ್ವರದಾಗ ಇದ್ದೆ ಮೇಡಂ. ಮೆಸೇಜ್ ನೋಡಿದೆ. ನೋಡಿ ಖುಷಿ ಪಟ್ಟೆ. ಕೆರಿ ತುಂಬತದ ಅಂತ. ನೀವು ಹಳ್ಳದಾಗ ಇದ್ದೀರಿ ಅಂತ ತಲ್ಯಾಗ ಬರಲೇ ಇಲ್ಲ.' ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹೇಳಬೇಕಾದವರು ಹೇಳಿದ್ದರು. ಹೊಲದಲ್ಲಿ ಹೊಡೆಯಿರಿ ಎಂದಿದ್ದ ಟೆಂಟನ್ನು ಹಳ್ಳಕ್ಕೆ ಇಳಿಸಿದವರು ನಾವು. ಕಾಲುವೆ ಬಂದು ಇಷ್ಟು ಕಾಲವಾದರೂ ಆಕಾಶವನ್ನೇ ನೋಡಿದವರು ನಾವು.

ಆ ವಿಡಿಯೋ ಇನ್ನೂ ಮೊಬೈಲಿನಲ್ಲಿದೆ. ಚಿಕ್ಕದು. ಅತ್ತೆ ಬಗ್ಗುತ್ತಾರೆ, ಬೊಗಸೆ ತುಂಬುತ್ತಾರೆ, ಕಣ್ಣಿಗೆ ಹಚ್ಚಿಕೊಳ್ಳುತ್ತಾರೆ. ಹಿಂದೆ ದೂರದಲ್ಲಿ ಎರಡು ಪುಟ್ಟ ಆಕೃತಿಗಳು. ಕೊನೆಯಲ್ಲಿ ಒಂದು ದನಿ ಇದೆ. ಅತ್ತೆಯದಲ್ಲ. 'ಬರ್ರಿ, ಲಗೂನ ಬರ್ರಿ, ಇಬ್ರೂ ಫ್ರೇಮಿನ್ಯಾಗ ಬರ್ರಿ' ಎಂದು ಮಕ್ಕಳನ್ನು ನೀರಿಗೆ ಕರೆಯುವ ದನಿ. ಅದು ನನ್ನದು. ಹಾಗೆ ಕರೆದ ನೆನಪೇ ನನಗಿರಲಿಲ್ಲ.

ಮೊನ್ನೆ ಓಣಿಯಲ್ಲಿ ನಳ ಬಂತು. ಅಭ್ಯಾಸ ಬಲದಿಂದ ಅತ್ತೆ 'ನೀರ ಬಂತು' ಅಂದರು. ಎಲ್ಲರ ಮನೆಯಿಂದಲೂ ಕೊಡ ಹೊರಬಿದ್ದವು. ಸಮರ್ಥ ಮಾತ್ರ ಒಳಗೆ ಓಡಿ, ಮಾಳಿಗೆಯ ಮೆಟ್ಟಿಲು ಹತ್ತಿ, ಮೇಲೆ ಹೋಗಿ ನಿಂತ. ಓಣಿಯವರು ನಕ್ಕರು. ಅತ್ತೆ ನಗಲಿಲ್ಲ. ಅವನ ಕೊಡವನ್ನೂ ತಾವೇ ಎತ್ತಿಕೊಂಡು ಹೋದರು.

ನೀರಿನ ಕಡೆ ಓಡುವುದನ್ನು ನಮ್ಮ ಜಿಲ್ಲೆ ಪ್ರತಿ ಮಗುವಿಗೂ ಕಲಿಸಿದೆ. ನೀರಿನಿಂದ ಹಿಂದೆ ಸರಿಯುವುದನ್ನು ಇನ್ನು ಯಾರು ಕಲಿಸಬೇಕು?